ಹಳಿಯ ಮೇಲೆ ನಿಂತ ಮೋಟಾರು ಸೈಕಲ್ಲು

೧೯೫೧ನೇ ಇಸವಿಯ ನವೆಂಬರ್ ತಿಂಗಳು, ಗುರುವಾರ, ಬೆಳಿಗ್ಗೆ ಹತ್ತೂವರೆ. ಬಂದ್ಯೋಡಿನಲ್ಲಿ ಬ್ರೆಡ್ಡು ಬಿಸ್ಕತ್ತಿನ ಅಂಗಡಿ ಇಟ್ಟಿರುವ ಸೆಬಾಸ್ಟಿಯನ್ ಕ್ರಾಸ್ತಾ, ಊರವರ ಬಾಯಲ್ಲಿ ಪೊರ್ಬುಗಳು, ಠಾಣೆಯ ಮೆಟ್ಟಿಲು ಹತ್ತಿ ಬಂದರು. ಮೈಮೇಲೆ ಇಗರ್ಜಿಗೆ ಹೋಗುವಾಗ ಹಾಕುವ ಕಪ್ಪು ಕೋಟು. ಹಿಂದಿನ ದಿನ ಮಗನನ್ನು ಮಣ್ಣು ಮಾಡುವಾಗಲೂ ಅದನ್ನೇ ಹಾಕಿದ್ದರು. ತೋಳಿನಲ್ಲಿ ಇನ್ನೂ ಕೆಂಪು ಮಣ್ಣು ಅಂಟಿಕೊಂಡಿತ್ತು. ಅದನ್ನು ಕೊಡವಿಕೊಳ್ಳಬೇಕೆಂದು ಅವರಿಗೆ ತೋಚಿರಲಿಲ್ಲ, ಹೇಳುವ ಧೈರ್ಯ ಠಾಣೆಯಲ್ಲಿ ಯಾರಿಗೂ ಇರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಹರಿನಾಥ ಎದ್ದು ಕುರ್ಚಿ ಸರಿಸಿದ.

"ಕೂತ್ಕೊಳ್ಳಿ ಪೊರ್ಬುಗಳೇ."

"ಕೂರ್ಲಿಕ್ಕೆ ಬಂದದ್ದಲ್ಲ. ಬರ್ಕೊಳ್ಳಿ."

"ಎಂತ ಬರೆಯುವುದು?"

"ನನ್ನ ಮಗ ಗ್ರೆಗರಿ ತಾನಾಗಿ ಸತ್ತದ್ದಲ್ಲ. ಕೃಷ್ಣಕುಮಾರ ಕೊಂದದ್ದು."

ಹೆಡ್ ಕಾನ್‌ಸ್ಟೇಬಲ್ ಪೂವಪ್ಪ ಲೇಖನಿ ಮಸಿಗೆ ಅದ್ದಿದವನು ಹಾಗೆಯೇ ಹಿಡಿದುಕೊಂಡು ಸಾಹೇಬರ ಮುಖ ನೋಡಿದ. ಮಂಗಳವಾರವೇ ಸ್ಥಳಕ್ಕೆ ಹೋಗಿ, ಹೆಣದ ಪಂಚನಾಮೆ ಮಾಡಿ, ಅಸಹಜ ಸಾವು ಎಂದು ಬರೆದು ಮುಗಿಸಿದ ಸಂಗತಿ ಅದು. ಮುಗಿಯಿತು ಅಂದುಕೊಂಡ ಕೆಲಸ ಬಾಲ ಹಿಡಿದು ವಾಪಸು ಬರುವುದೆಂದರೆ ಪೂವಪ್ಪನಿಗೆ ಮೈಯೆಲ್ಲ ಉರಿ.

ಸಂಗತಿ ಇಷ್ಟು. ಬಂದ್ಯೋಡಿನ ಪಡುವಣ ಬದಿಗೆ, ರೈಲು ಹಳಿಯ ಆಚೆ, ಅಕ್ಕು ಎಂಬ ವಿಧವೆಯ ಮನೆ. ಗಂಡ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಅವನು ಹೋದ ಮೇಲೆ ಎತ್ತೂ ಹೋಯಿತು, ಗಾಡಿಯೂ ಹೋಯಿತು, ಗಾಡಿಯ ಕೊಟ್ಟಿಗೆ ಮಾತ್ರ ಉಳಿಯಿತು. ಆ ಕೊಟ್ಟಿಗೆಯಲ್ಲಿ ಅವಳ ಒಬ್ಬನೇ ಮಗ ಕೃಷ್ಣಕುಮಾರ ಮತ್ತು ಅವನ ಗೆಳೆಯ ಗ್ರೆಗರಿ ಸೇರಿಕೊಂಡು ಎರಡು ವರ್ಷದಿಂದ ಒಂದು ಮೋಟಾರು ಸೈಕಲ್ಲು ಕಟ್ಟುತ್ತಿದ್ದರು. ಗ್ರೆಗರಿ ಯುದ್ಧಕಾಲದಲ್ಲಿ ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿಗಳ ರಿಪೇರಿ ಮಾಡಿ ಬಂದವನು. ಕೃಷ್ಣಕುಮಾರ ಮಂಗಳೂರಿನಲ್ಲಿ ಬಸ್ಸಿನ ಕ್ಲೀನರಾಗಿದ್ದು ಕೆಲಸ ಕಲಿತವನು. ಎಂಜಿನು ಮಿಲಿಟರಿಯವರು ಗುಜರಿಗೆ ಹಾಕಿದ್ದು. ಚೌಕಟ್ಟು ನೀರಿನ ಪೈಪಿನದು. ಪೆಟ್ರೋಲ್ ಟ್ಯಾಂಕು ಸೀಮೆಎಣ್ಣೆ ಡಬ್ಬಗಳ ತಗಡನ್ನು ಬಡಿದು ಬೆಸುಗೆ ಹಾಕಿದ್ದು. ಸೀಟು ಹಳೆಯ ಬಸ್ಸಿನ ಸೀಟಿನ ಚರ್ಮದಿಂದ ಹೊಲಿದದ್ದು. ಊರವರು ಮೊದಮೊದಲು ನಕ್ಕರು, ಆಮೇಲೆ ಸಂಜೆ ಹೊತ್ತು ಬಂದು ನೋಡಿ ಹೋಗಲು ಶುರುಮಾಡಿದರು. ಮಂಗಳವಾರ ಮಂಜೇಶ್ವರಕ್ಕೆ ಬರುವ ಮೋಟಾರು ಇನ್ಸ್‌ಪೆಕ್ಟರಿಗೆ ಅದನ್ನು ತೋರಿಸಬೇಕಿತ್ತು. ಅವರು ಒಪ್ಪಿದರೆ ನಂಬರು ಸಿಗುತ್ತದೆ, ನಂಬರು ಸಿಕ್ಕಿದರೆ ಪೇಟೆಯಲ್ಲಿ ಇಬ್ಬರೂ ಸೇರಿ ವರ್ಕ್‌ಶಾಪು ಇಡುವುದು ಎಂಬ ಲೆಕ್ಕ. ಗ್ರೆಗರಿ ಓಡಿಸುತ್ತಿದ್ದ, ಕೃಷ್ಣಕುಮಾರ ಹಿಂದೆ ಕೂತಿದ್ದ. ಮನೆಯಿಂದ ಹೊರಟು ಕಾಲು ಮೈಲು ಆಗಿಲ್ಲ, ಗೇಟಿಲ್ಲದ ರೈಲು ದಾಟಿನಲ್ಲಿ, ಸರಿಯಾಗಿ ಹಳಿಯ ಮೇಲೆ, ಎಂಜಿನು ನಿಂತುಹೋಯಿತು. ಮಂಗಳೂರಿನ ಕಡೆಯಿಂದ ರೈಲು ಬರುತ್ತಿತ್ತು.

"ಇಬ್ಬರು ಕೂತಿದ್ರು," ಎಂದರು ಸೆಬಾಸ್ಟಿಯನ್. "ಒಬ್ಬ ಹಾರಿದ, ಒಬ್ಬ ಸತ್ತ. ಹಾರಿದವನಿಗೆ ಗಾಡಿ ನಿಲ್ತದೆ ಅಂತ ಮೊದಲೇ ಗೊತ್ತಿತ್ತು."

"ಗೊತ್ತಿತ್ತು ಅಂತ ನೀವು ಹೇಗೆ ಹೇಳ್ತೀರಿ?"

"ಹಿಂದಿನ ದಿನ ಜಗಳ ಆಗಿದೆ. ಯಾರ ಹೆಸರಿಗೆ ರಿಜಿಸ್ಟ್ರಿ ಮಾಡುವುದು ಅಂತ. ನನ್ನ ಮಗಳು ಗ್ರೇಸಿ ಊಟ ತಕ್ಕೊಂಡು ಹೋದವಳು ಕೇಳಿದ್ದಾಳೆ. ಎರಡು ವರ್ಷದಲ್ಲಿ ಒಂದು ಸಲ ಜಗಳ ಆದದ್ದು, ಮರುದಿನ ನನ್ನ ಮಗ ಇಲ್ಲ."

ಹೇಳಿ ಮುಗಿಸಿದ ಮೇಲೆ ಮುದುಕರು ಕುರ್ಚಿಯಲ್ಲಿ ಕುಸಿದು ಕೂತರು. ಹರಿನಾಥ ನೀರಿನ ಲೋಟ ಅವರ ಕಡೆ ಸರಿಸಿದ. ಆದರೆ ದೂರು ದೂರೇ. ಪೂವಪ್ಪ ಮೆಲ್ಲನೆ ಕೇಳಿದ: "ಸಾರ್, ಎಫ್.ಐ.ಆರ್.ನಲ್ಲಿ ಯಾವ ಸೆಕ್ಷನ್ ಹಾಕುವುದು?"

"ಸದ್ಯಕ್ಕೆ ೩೦೪-ಎ ಹಾಕು. ನಿರ್ಲಕ್ಷ್ಯದಿಂದ ಸಾವು. ಬೇಕು ಅಂತ ಮಾಡಿದ್ದು ಅಂತ ಗೊತ್ತಾದ್ರೆ ೩೦೨ ಮಾಡುವ."

ಮುನ್ನೂರ ಎರಡೆಂದರೆ ಕೊಲೆ. ಅಕ್ಕುವಿನ ಒಬ್ಬನೇ ಮಗನ ಕೊರಳು ಹೀಗೆ ಒಂದು ಅಂಕಿಯ ಮೇಲೆ ನಿಂತಿತು.

ಕೆಲಸದ ವಿಷಯದಲ್ಲಿ ಹರಿನಾಥನದು ಒಂದು ಹಟ. ನೋಡದ್ದನ್ನು ಬರೆಯುವುದಿಲ್ಲ, ಬರೆದದ್ದನ್ನು ತಿದ್ದುವುದಿಲ್ಲ. ಈ ಗುಣದಿಂದ ಮೇಲಿನವರಿಗೆ ತಲೆನೋವಾಗಿ ಅವನಿಗೆ ನಾಲ್ಕು ಸಲ ವರ್ಗವಾಗಿತ್ತು. ಅಂದೇ ಮಧ್ಯಾಹ್ನ ಕಾನ್‌ಸ್ಟೇಬಲ್ ಚನಿಯನನ್ನು ಕರೆದುಕೊಂಡು ಅವನು ರೈಲು ದಾಟಿಗೆ ಹೋದ. ರೈಲಿನ ಎಂಜಿನು ಗುದ್ದಿದ ರಭಸಕ್ಕೆ ಮೋಟಾರು ಸೈಕಲ್ಲು ಗದ್ದೆಯ ಉದ್ದಕ್ಕೂ ಚೆದರಿಹೋಗಿತ್ತು. ಕೊಯ್ಲಾದ ಗದ್ದೆಯಲ್ಲಿ ಇಬ್ಬರೂ ಬಗ್ಗಿ ಬಗ್ಗಿ ಹೆಕ್ಕಿದರು. ಊರಿನ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿ, ಸಿಕ್ಕಿದ ಒಂದೊಂದನ್ನೂ ಬರೆಸಿ, ಎತ್ತಿನ ಗಾಡಿಗೆ ಹೇರಿದರು. ಮುಂದಿನ ದೀಪದ ಗಾಜು ಒಡೆದಿರಲಿಲ್ಲ. ಅದರ ಸುತ್ತ ಪೂಜೆ ಮಾಡಿದ ಅರಸಿನ ಹಾಗೆಯೇ ಇತ್ತು. ಹೊಸ ಗಾಡಿಗೆ ಯಾರಾದರೂ ಹಚ್ಚುವುದೇ, ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಮಂಗಳೂರಿನಿಂದ ರೈಲು ಡ್ರೈವರನ ಹೇಳಿಕೆಯೂ ಬಂದಿತ್ತು. ಅವನು ಬಹಳ ದೂರದಿಂದಲೇ ಸೀಟಿ ಊದಿದ್ದನಂತೆ, ಬ್ರೇಕೂ ಹಾಕಿದ್ದನಂತೆ. ಒಬ್ಬ ಹಾರಿ ಓಡಿ, ತಿರುಗಿ ನಿಂತು ಕೈ ಬೀಸಿ ಕರೆಯುತ್ತಿದ್ದ. ಇನ್ನೊಬ್ಬ ಗಾಡಿ ಬಿಡಲಿಲ್ಲ. ಕಡೆಯವರೆಗೂ ಕಿಕ್ ಹೊಡೆಯುತ್ತಲೇ ಇದ್ದ.

ಚನಿಯ ಇದನ್ನು ಕೇಳಿ, "ಬಿಟ್ಟು ಓಡ್ಬಹುದಿತ್ತಲ್ಲ ಸಾರ್," ಎಂದ.

"ಎರಡು ವರ್ಷ ಕಟ್ಟಿದ್ದು ಮಾರಾಯ. ಹೇಗೆ ಬಿಡುವುದು."

ಠಾಣೆಯ ಜಗಲಿಯಲ್ಲಿ ಮೋಟಾರು ಸೈಕಲ್ಲನ್ನು ಗೋಣಿಯ ಮೇಲೆ ಹರವಿದರು. ಬಸ್ ಕಂಪನಿಯ ಒಬ್ಬ ಮೆಕ್ಯಾನಿಕ್ಕನನ್ನು ಕರೆಸಿದ್ದಾಯಿತು. ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಎಂಜಿನು ಬಿಚ್ಚಿದ, ಪ್ಲಗ್ಗು ನೋಡಿದ, ತಲೆ ಆಡಿಸಿದ. ಎಲ್ಲ ಸರಿಯಾಗಿತ್ತು. ಇಷ್ಟು ಚಂದದ ಕೆಲಸ ಕಂಪನಿಯಲ್ಲೂ ಆಗುವುದಿಲ್ಲ ಎಂದ. ಆಮೇಲೆ ಕಾರ್ಬೊರೇಟರಿನ ಬುಡದ ಬಟ್ಟಲು, ಅಂದರೆ ಎಂಜಿನಿಗೆ ಹೋಗುವ ಮೊದಲು ಪೆಟ್ರೋಲು ನಿಲ್ಲುವ ಜಾಗ, ಅದನ್ನು ತಿರುಚಿ ತೆಗೆದ. ಅದರ ತುಂಬ ಹಳದಿ ಕೆಸರು. ಪೆಟ್ರೋಲು ಹಾಯುವ ಸೂಜಿಮೊನೆಯಷ್ಟಗಲದ ತೂತು ಪೂರ್ತಿ ಮುಚ್ಚಿಹೋಗಿತ್ತು. ಜಜ್ಜಿಹೋದ ಟ್ಯಾಂಕಿನ ತಳದಲ್ಲೂ ಅದೇ ಕೆಸರು.

"ತುಕ್ಕಾ?" ಎಂದು ಹರಿನಾಥ ಕೇಳಿದ.

"ತುಕ್ಕು ಕೆಂಪಿರ್ತದೆ. ಇದು ಯಾರೋ ಹಾಕಿದ್ದು ಸಾರ್. ಮನೆಯ ಅಂಗಳದಲ್ಲಿ ಸ್ಟಾರ್ಟ್ ಆಗ್ತದೆ, ರೋಡಿನಲ್ಲಿ ಕುಲುಕಿದ ಹಾಗೆ ಅಡಿಯಲ್ಲಿದ್ದದ್ದು ಮೇಲೆ ಬರ್ತದೆ, ಸ್ವಲ್ಪ ದೂರ ಹೋಗಿ ನಿಲ್ತದೆ."

ಪೂವಪ್ಪನ ಮುಖ ಅರಳಿತು. "೩೦೨ ಸಾರ್," ಎಂದ.

ಕೃಷ್ಣಕುಮಾರನನ್ನು ಕರೆತಂದರು. ಇಪ್ಪತ್ತಾರರ ಹುಡುಗ, ಎರಡು ದಿನದಿಂದ ಉಂಡಿಲ್ಲ, ಕಣ್ಣು ಒಳಗೆ ಹೋಗಿತ್ತು. ಜಗಲಿಯಲ್ಲಿ ಹರವಿದ್ದ ತುಂಡುಗಳನ್ನು ನೋಡಿದವನು ಬಾಗಿಲಲ್ಲೇ ಗೋಡೆ ಹಿಡಿದುಕೊಂಡ.

"ಜಗಳ ಆದದ್ದು ಹೌದಾ?"

"ಹೌದು."

"ಯಾಕೆ?"

"ನನ್ನ ಹೆಸರಿಗೆ ಮಾಡ್ಬೇಕು ಅಂತ ನಾನು ಹಟ ಹಿಡಿದೆ. ಕೊಟ್ಟಿಗೆ ನಮ್ದು ಅಂತ ಹೇಳಿದೆ. ಬೆಳಿಗ್ಗೆ ಅವನೇ ಬಂದು ಆಯ್ತು ಮಾರಾಯ, ಹೆಸರು ನಿನ್ನದು, ಇವತ್ತು ಹ್ಯಾಂಡಲ್ ನನ್ನದು ಅಂದ. ಅದಕ್ಕೆ ಅವ ಎದುರು ಕೂತದ್ದು."

"ನೀನು ಹಾರಿದ್ದು?"

"ರೈಲು ಕಂಡಿತು, ಹಾರಿದೆ. ಅವನೂ ಹಾರ್ತಾನೆ ಅಂತ ಗ್ರಹಿಸಿದೆ. ಕರೆದೆ. ತುಂಬ ಕರೆದೆ."

"ಟ್ಯಾಂಕಿನಲ್ಲಿ ಕೆಸರು ಹೇಗೆ ಬಂತು?"

ಹುಡುಗ ತಲೆ ಎತ್ತಿದ. ಇಷ್ಟು ಹೊತ್ತು ಸತ್ತವನ ಹಾಗೆ ನಿಂತಿದ್ದವನಿಗೆ ಈ ಒಂದು ಮಾತು ತಾಗಿತು. "ಟ್ಯಾಂಕಿನಲ್ಲಿ ಕೆಸರು ಇರ್ಲಿಕ್ಕೆ ಸಾಧ್ಯ ಇಲ್ಲ. ನಾನೇ ತೊಳೆದದ್ದು, ಮೂರು ಸಲ. ಅದರಲ್ಲಿ ಪಾಯಸ ಮಾಡಿ ಉಣ್ಬಹುದಿತ್ತು. ಪೆಟ್ರೋಲು ಪಂಚೆಯಲ್ಲಿ ಸೋಸಿಯೇ ಹೊಯ್ದದ್ದು."

ಹರಿನಾಥ ಕೆಸರು ತುಂಬಿಸಿಟ್ಟ ಗಾಜಿನ ಬಾಟಲಿ ಎತ್ತಿ ತೋರಿಸಿದ. ಕೃಷ್ಣಕುಮಾರ ಅದನ್ನು ಬಹಳ ಹೊತ್ತು ನೋಡಿದ. ನಟನೆ ಮಾಡುವವರನ್ನು ಹರಿನಾಥ ತುಂಬ ನೋಡಿದ್ದ. ಇದು ನಟನೆ ಅನ್ನಿಸಲಿಲ್ಲ, ಹುಡುಗನಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

"ಆ ದಿನ ಬೆಳಿಗ್ಗೆ ಗಾಡಿಯ ಹತ್ತಿರ ಯಾರು ಬಂದಿದ್ರು?"

"ಯಾರೂ ಇಲ್ಲ. ನಾನು, ಗ್ರೆಗರಿ, ಅಮ್ಮ."

ಹೇಳಿಕೆಯನ್ನು ಪೂವಪ್ಪ ಬರೆದುಕೊಂಡ. ಸಹಿ ನಾಳೆ ಹಾಕಿಸುವ ಎಂದು ಹರಿನಾಥ ತಡೆದ. ಯಾಕೆ ತಡೆದೆ ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಬಾಟಲಿಯ ಕೆಸರನ್ನು ಸ್ವಲ್ಪ ಪಿಂಗಾಣಿ ತಟ್ಟೆಗೆ ಸುರಿದು ಬಿಸಿಲಿಗಿಟ್ಟ. ಪೆಟ್ರೋಲು ಆರಿಹೋಯಿತು. ತಟ್ಟೆಯಲ್ಲಿ ನುಣ್ಣಗಿನ ಹುಡಿ ಉಳಿಯಿತು. ಹೆಬ್ಬೆರಳಿನಿಂದ ಉಜ್ಜಿ ಮೂಗಿಗೆ ಹಿಡಿದ. ಪೆಟ್ರೋಲಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಬಂತು. ಹುಟ್ಟಿದ ಮಗುವಿಗೂ ಗೊತ್ತಿರುವ ವಾಸನೆ ಅದು, ಪ್ರತಿ ಮನೆಯ ನಾಗಬನದಿಂದ ಬರುವ ಅರಸಿನದ್ದು. ಹರಿನಾಥ ತಟ್ಟೆಯನ್ನು ಕೆಳಗಿಟ್ಟ. ಕೇಸಿನ ಎಳೆ ಸಿಕ್ಕಿದಾಗ ಆಗುವ ಸಂತೋಷ ಈ ಸಲ ಆಗಲಿಲ್ಲ. ಈ ಎಳೆಯ ಆಚೆ ತುದಿಯಲ್ಲಿ ಯಾರಿರಬಹುದೆಂದು ಅವನಿಗೆ ಆಗಲೇ ಅಂದಾಜಾಗಿತ್ತು, ಮತ್ತು ತನ್ನ ಅಂದಾಜು ತಪ್ಪಾಗಲಿ ಎಂದು ಅವನು ಜೀವನದಲ್ಲಿ ಮೊದಲ ಬಾರಿ ಹಾರೈಸಿದ.

ಪೂವಪ್ಪನನ್ನು ಠಾಣೆಯಲ್ಲಿ ಬಿಟ್ಟು, ಚನಿಯನನ್ನೂ ಕೃಷ್ಣಕುಮಾರನನ್ನೂ ಕರೆದುಕೊಂಡು ಅಕ್ಕುವಿನ ಮನೆಗೆ ಹೋದ. ಸಮಯ ಹನ್ನೊಂದೂಮುಕ್ಕಾಲು. ಚನಿಯ ಹುಡುಗನ ಜೊತೆ ಅಂಗಳದ ತುದಿಯಲ್ಲಿ ನಿಂತ. ಅಕ್ಕು ಜಗಲಿಗೆ ಬಂದಳು. ತೆಳ್ಳಗಿನ ಹೆಂಗಸು, ಅತ್ತು ಅತ್ತು ಸ್ವರ ಕಟ್ಟಿತ್ತು. ಆದರೂ ಮೊದಲು ಕೇಳಿದ್ದು, "ನೀರು ಬೆಲ್ಲ ಕೊಡ್ಲಾ ಸ್ವಾಮಿ?"

"ಬೇಡ ಅಮ್ಮ. ಕೂತ್ಕೊಳ್ಳಿ. ಮಂಗಳವಾರ ಬೆಳಿಗ್ಗೆ ಎಂತೆಲ್ಲ ಆಯ್ತು, ಹೇಳಿ."

"ಎಂತ ಹೇಳುವುದು. ಅಕ್ಕಿಯ ಪುಂಡಿ ಬೇಯಿಸಿದ್ದೆ. ಇಬ್ಬರೂ ಒಲೆಯ ಹತ್ರ ಕೂತು ತಿಂದ್ರು. ಗ್ರೆಗರಿಗೆ ನನ್ನ ಪುಂಡಿ ಅಂದ್ರೆ ಜೀವ. ಅವನ ಅಮ್ಮ ಬೆನೆಡಿಕ್ಟಾ ಬಾಯಿ ತೀರಿಹೋದ ಮೇಲೆ ಅವ ಹೆಚ್ಚು ಉಂಡದ್ದು ಇಲ್ಲಿಯೇ."

"ಆಗ ಗಾಡಿ ಎಲ್ಲಿತ್ತು?"

"ಇಲ್ಲಿ, ಅಂಗಳದಲ್ಲಿ."

"ಅವರು ತಿನ್ನುವಾಗ ಅದರ ಹತ್ರ ಯಾರು ಹೋದ್ರು?"

"ನಾನೇ ಹೋದೆ." ಅಕ್ಕು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಿಂದಿನ ದಿನ ನಾಗನಿಗೆ ತಂಬಿಲದ ಪೂಜೆ ಕೊಡಿಸಿದ್ದೆ ಸ್ವಾಮಿ. ಇವರಿಗೆ ಹೇಳ್ಲಿಲ್ಲ, ಹೇಳಿದ್ರೆ ನಗಾಡ್ತಾರೆ. ಭಟ್ರು ಎಲೆ ತುಂಬ ಅರಸಿನ ಹುಡಿ ಕೊಟ್ರು. ಎದುರಿನ ದೀಪಕ್ಕೆ ಸ್ವಲ್ಪ ಹಚ್ಚಿದೆ. ಹೊರಗೆ ಹಚ್ಚಿದ್ದು ಎಷ್ಟು ದಿನ ನಿಲ್ತದೆ, ಒಂದು ಮಳೆ ಬಂದ್ರೆ ಹೋಯ್ತು. ದನಕ್ಕೆ ಸೌಖ್ಯ ಇಲ್ಲದಾಗ ನಾವು ಪ್ರಸಾದ ಹೊಟ್ಟೆಗೆ ಕೊಡುವುದಲ್ವಾ? ಇದಕ್ಕೂ ಒಂದು ಬಾಯಿ ಉಂಟಲ್ಲ, ಇವರು ಎಣ್ಣೆ ಕುಡಿಸುವುದು. ಮುಚ್ಚಳ ತೆಗ್ದು, ಎಲೆಯಲ್ಲಿ ಇದ್ದದ್ದನ್ನೆಲ್ಲ ಹಾಕಿದೆ. ಎರಡು ಮಕ್ಕಳು ಕೂತು ಹೋಗುವ ಗಾಡಿ. ನನ್ನ ಕೈಯಲ್ಲಿ ಮತ್ತೆಂತ ಆಗ್ತದೆ?"

ಹರಿನಾಥ ತಿರುಗಿ ನೋಡಿದ. ಅಂಗಳದ ತುದಿಯಲ್ಲಿ ಕೃಷ್ಣಕುಮಾರ ನಿಂತಲ್ಲಿಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಚನಿಯ ಅವನನ್ನು ಎಬ್ಬಿಸುವ ಬದಲು ಬೇರೆ ಕಡೆ ತಿರುಗಿ ನಿಂತುಕೊಂಡಿದ್ದ.

"ಅಷ್ಟು ಮಾಡಿಯೂ ಹೀಗಾಯ್ತು," ಎಂದಳು ಅಕ್ಕು. "ಎಲ್ಲಿ ತಪ್ಪಿತೋ."

ಹರಿನಾಥ ಎದ್ದು ಹುಡುಗನನ್ನು ಕೊಟ್ಟಿಗೆಯೊಳಗೆ ಕರೆದುಕೊಂಡು ಹೋದ. ನೆಲದಲ್ಲಿ ಎಣ್ಣೆಯ ಕಲೆ, ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ ಸ್ಪಾನರುಗಳು, ಮೂಲೆಯಲ್ಲಿ ಗ್ರೆಗರಿಯ ಹಳೆಯ ಮಿಲಿಟರಿ ಅಂಗಿ.

"ನಾನು ಟ್ಯಾಂಕು ತೊಳೀಲಿಲ್ಲ ಸಾರ್," ಎಂದ ಕೃಷ್ಣಕುಮಾರ.

"ಎಂತ?"

"ತೊಳೀಲಿಲ್ಲ. ಬೆಸುಗೆ ಹಾಕಿದ ಕಸ ಒಳಗೆ ಉಳಿದಿತ್ತು. ಗ್ರೆಗರಿ ತೊಳಿ ಅಂತ ಹೇಳಿದ್ದ, ನಾನು ಆಲಸ್ಯ ಮಾಡಿದೆ. ಹಾಗೆ ಬರ್ಕೊಳ್ಳಿ."

"ನಿನ್ನೆ ಮೂರು ಸಲ ತೊಳೆದೆ ಅಂದಿ."

"ಸುಳ್ಳು ಹೇಳಿದ್ದು."

ಹರಿನಾಥನಿಗೆ ಸಿಟ್ಟೇ ಬಂತು. "ನೋಡು, ನಿಜ ಹಾಗೇ ಬರೆದ್ರೆ ನಿನಗೆ ಎಂತದೂ ಆಗುವುದಿಲ್ಲ. ನಿನ್ನ ಅಮ್ಮನಿಗೂ ಆಗುವುದಿಲ್ಲ. ತಿಳಿಯದೆ ಮಾಡಿದ್ದು, ಯಾವ ಕೋರ್ಟೂ ಅವರನ್ನು ಜೈಲಿಗೆ ಹಾಕುವುದಿಲ್ಲ."

"ಕೋರ್ಟು ಬಿಡ್ತದೆ. ಅವಳು ಅವಳನ್ನು ಬಿಡ್ತಾಳಾ?"

ಅಂಗಳದಿಂದ ಅಕ್ಕು ಚನಿಯನನ್ನು ಕೇಳುತ್ತಿರುವುದು ಕೇಳಿಸಿತು, ಮಗನಿಗೆ ಗಂಜಿ ಕೊಡಬಹುದಾ ಎಂದು.

"ಯಾರೂ ಮಾಡಿದ್ದಲ್ಲ, ಆಕಸ್ಮಿಕ ಅಂತ ಬರೆದ್ರೆ?" ಎಂದ ಹರಿನಾಥ. ತನ್ನ ಬಾಯಿಂದ ಇಂಥ ಮಾತು ಬಂದದ್ದು ಅವನಿಗೇ ಆಶ್ಚರ್ಯ.

"ಪೊರ್ಬುಗಳು ಬಿಡ್ತಾರಾ? ಮೆಕ್ಯಾನಿಕ್ ನೋಡಿದ್ದಾನೆ. ಯಾರೋ ಹಾಕಿದ್ದು ಅಂತ ಊರೆಲ್ಲ ಹೇಳ್ತಾ ಉಂಟು. ಹುಡುಕ್ತಾ ಹುಡುಕ್ತಾ ಇಲ್ಲಿಗೇ ಬರ್ತಾರೆ, ನೀವು ಬಂದ ಹಾಗೆ." ಹುಡುಗ ಗೋಡೆಯಿಂದ ಒಂದು ಸ್ಪಾನರು ತೆಗೆದು, ನೋಡಿ, ಮತ್ತೆ ಅಲ್ಲಿಗೇ ಹಾಕಿದ. "ನಾನು ಹಾರಿದೆ ಸಾರ್. ಅವ ಹಾರ್ಲಿಲ್ಲ, ನಾನು ಹಾರಿದೆ. ಅದಕ್ಕೆ ನಿಮ್ಮ ಪುಸ್ತಕದಲ್ಲಿ ಸೆಕ್ಷನ್ ಉಂಟಾ?"

"ಇಲ್ಲ."

"ಹಾಗಾದ್ರೆ ಈ ಶಿಕ್ಷೆಯಾದ್ರೂ ಇರ್ಲಿ."

ಹರಿನಾಥ ಹೊರಗೆ ಬಂದಾಗ ಅಕ್ಕು ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಸಾಹೇಬರ ಸನ್ನೆಗೆ ಚನಿಯ ಮಗನ ಹಿಂದಿನಿಂದ ಬೇಡಿ ಹೊರಗೆ ತೆಗೆದದ್ದನ್ನು ನೋಡಿ ಬಟ್ಟಲು ಜಗಲಿಯ ಮೇಲಿಟ್ಟಳು.

"ಎಂತ ಮಾಡಿದ ಸ್ವಾಮಿ ಇವ?"

ಹರಿನಾಥ ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ: "ಟ್ಯಾಂಕು ತೊಳೀಲಿಲ್ಲ ಅಮ್ಮ. ಅದರಲ್ಲಿ ಕಸ ಇತ್ತು. ಅದು ಸಿಕ್ಕಿಹಾಕಿಕೊಂಡು ಗಾಡಿ ನಿಂತದ್ದು."

"ಗೊತ್ತಿದ್ದೂ ತೊಳೀಲಿಲ್ಲವಾ?"

"ಗೊತ್ತಿದ್ದೂ."

ಅಕ್ಕು ಮಗನನ್ನು ನೋಡಿದಳು. ಹರಿನಾಥ ತನ್ನ ನೌಕರಿಯಲ್ಲಿ ಕಳ್ಳರ ತಾಯಂದಿರನ್ನು ಕಂಡಿದ್ದ, ಕೊಲೆಗಾರರ ತಾಯಂದಿರನ್ನು ಕಂಡಿದ್ದ. ಎಲ್ಲರೂ ಕಾಲಿಗೆ ಬಿದ್ದವರು, ನನ್ನ ಮಗ ಅಂಥವನಲ್ಲ ಎಂದವರು. ಈಕೆ ಹಾಗೆ ಮಾಡಲಿಲ್ಲ.

"ನನ್ನ ಒಲೆಯ ಹತ್ರ ಕೂತು ತಿಂದ ಹುಡುಗ ಅವ," ಎಂದಳು. "ತಾಯಿ ಇಲ್ಲದ ಹುಡುಗ. ಕರ್ಕೊಂಡು ಹೋಗಿ ಸ್ವಾಮಿ. ಇವನ ಮುಖ ನಂಗೆ ನೋಡ್ಬೇಕು ಅಂತ ಇಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಡೇ ಹಗಲು ಆ ಊರಿನಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಕೃಷ್ಣಕುಮಾರ ಆ ಬಾಗಿಲನ್ನೇ ನೋಡುತ್ತ ಎರಡೂ ಕೈ ಮುಂದೆ ಚಾಚಿದ. ಮಧ್ಯಾಹ್ನ ಹನ್ನೆರಡೂವರೆಗೆ ದಸ್ತಗಿರಿ ಆಯಿತು.

ಠಾಣೆಗೆ ಬಂದು ಹರಿನಾಥ ಹಿಂದಿನ ದಿನದ ಹೇಳಿಕೆಯ ಹಾಳೆಯನ್ನು ಪೂವಪ್ಪನ ಎದುರೇ ಹರಿದು ಹೊಸದು ಬರೆಸಿದ. ಬಾಟಲಿಯ ಕೆಸರನ್ನು ಪರೀಕ್ಷೆಗೆ ಮದ್ರಾಸಿಗೆ ಕಳಿಸುವುದಲ್ಲವಾ ಎಂದು ಪೂವಪ್ಪ ಕೇಳಿದ.

"ಆರೋಪಿ ಒಪ್ಪಿಕೊಂಡಿದ್ದಾನೆ. ಬೇಡ."

ಪೂವಪ್ಪ ಮೂವತ್ತು ವರ್ಷ ಪೊಲೀಸಿನಲ್ಲಿ ಬೆಂದವನು. ಚನಿಯನ ಮುಖ ನೋಡಿದ, ಸಾಹೇಬರ ಮುಖ ನೋಡಿದ, ಮತ್ತೆ ಬರೆಯುವುದಕ್ಕೆ ಕೂತ. ಅಪರಾಧಕ್ಕೆ ಕಾರಣ ಎಂದು ಬರೆಯಬೇಕಾದಲ್ಲಿ ಹರಿನಾಥ ಹೇಳಿ ಬರೆಸಿದ್ದು ಒಂದೇ ಶಬ್ದ, ಆಲಸ್ಯ. ನಿಜವಾದ ಕಾರಣ ಬರೆಯುವುದಾದರೆ ಆ ಹುಡುಗನಿಗೆ ತಾಯಿಯ ಮೇಲಿದ್ದ ಪ್ರೀತಿಯನ್ನೂ ತನ್ನ ಮೇಲೆಯೇ ಅವನಿಗಿದ್ದ ಹೇಸಿಗೆಯನ್ನೂ ಬರೆಯಬೇಕಿತ್ತು. ತಿದ್ದದೆ ಬರೆಯುವ ಹಟ ಅಂದಿಗೆ ಮುಗಿಯಿತು. ಅದಕ್ಕಾಗಿ ಅವನಿಗೆ ಪಶ್ಚಾತ್ತಾಪವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ಕಾಸರಗೋಡಿನ ಕೋರ್ಟು ಆರು ತಿಂಗಳ ಸಜೆ ಕೊಟ್ಟಿತು. ಸೆಬಾಸ್ಟಿಯನ್ ಪೊರ್ಬುಗಳು ತೀರ್ಪು ಕೇಳಿ ನೇರ ಹೋಗಿ ಬಸ್ಸು ಹತ್ತಿದರು. ಜೈಲಿಗೆ ಮಗನನ್ನು ನೋಡಲು ಅಕ್ಕು ಹೋಗಲಿಲ್ಲ. ಆ ಕಡೆ ಹೋಗುವ ಊರವರು, ಬೇಕಿದ್ದರೆ ಜೊತೆಗೆ ಕರೆದುಕೊಂಡು ಹೋಗುತ್ತೇವೆ ಎಂದರೂ ಹೋಗಲಿಲ್ಲ.

ಬೇಸಗೆಯಲ್ಲಿ ಒಂದು ದಿನ ಹರಿನಾಥ ಬೇರೆ ಕೆಲಸದ ಮೇಲೆ ಸೈಕಲ್ಲಿನಲ್ಲಿ ಬಂದ್ಯೋಡು ಪೇಟೆಗೆ ಬಂದಾಗ ಅಕ್ಕು ಸೆಬಾಸ್ಟಿಯನ್ನರ ಅಂಗಡಿಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ದಿನಾ ಬಂದು ಸಂಬಳವಿಲ್ಲದೆ ಕೆಲಸ ಮಾಡಿಕೊಟ್ಟು ಹೋಗುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ ಎಂದು ಗ್ರೇಸಿ ಹೇಳಿದಳು. ಹರಿನಾಥನನ್ನು ಕಂಡು ಅಕ್ಕು ಕೈ ತೊಳೆದುಕೊಂಡು ಎದ್ದು ಬಂದಳು. ತುಂಬ ಇಳಿದುಹೋಗಿದ್ದಳು.

"ಆರು ತಿಂಗಳಂತೆ," ಎಂದಳು. "ಒಂದು ಜೀವಕ್ಕೆ ಅಷ್ಟೇಯಾ ಸ್ವಾಮಿ?"

"ಕಾನೂನು ಅಷ್ಟೇ ಅಮ್ಮ."

"ಬಿಟ್ಟ ಮೇಲೆ ಮನೆಗೆ ಬರ್ತಾನಂತೆ. ಬರುವುದು ಬೇಡ ಅಂತ ಹೇಳಿಸಿ. ನೀವು ಹೇಳಿದ್ರೆ ಕೇಳ್ತಾನೆ."

ಹೇಳಬೇಕಾದದ್ದು ಹರಿನಾಥನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಕೈಯಲ್ಲಿ ಬೂದಿಯ ನೀರು ಇನ್ನೂ ಇಳಿಯುತ್ತಿತ್ತು. ಅವನು ಅದನ್ನು ನೋಡಿದ.

"ಆಯ್ತಮ್ಮ, ಹೇಳ್ತೇನೆ," ಎಂದು ಹೇಳಿ ಸೈಕಲ್ಲು ಹತ್ತಿದ.